ಗೌಹರ ಯಾರ ಸಾಲಿಯಾಕಿ?

ಭಾಲ್ಕಿ ತಾಲೂಕಿನಲ್ಲಿ ಭಾಲಚಂದ್ರ ಮಾಸ್ತರರ ಅಕ್ಷರಕ್ಕೆ ಹೆಸರಿತ್ತು. ಸುಮ್ಮನೆ ಹೆಸರಲ್ಲ. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಹಾಜರಿ ಪುಸ್ತಕದಲ್ಲಿ ಮಾಸ್ತರರು ಕೆಂಪು ಶಾಯಿಯಿಂದ ಬರೆದಿದ್ದ ‘ಗೈರು’ ಎಂಬ ಎರಡಕ್ಷರದ ಮೇಲೆ ಬೆರಳಾಡಿಸಿ, "ಗೈರು ಅಂದ್ರ ಹಿಂಗಿರ್ಬೇಕು ನೋಡ್ರಿ" ಅಂದಿದ್ದರು. ಆ ಮಾತನ್ನು ಮಾಸ್ತರರು ಹನ್ನೆರಡು ವರ್ಷದಿಂದ ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದರು. ಕೇಳುವವರಿಗೆ ಸಾಕಾಗಿತ್ತು, ಹೇಳುವವರಿಗೆ ಸಾಕಾಗಿರಲಿಲ್ಲ.

ಅಂಥವರ ಕೈಗೆ ಮೌಸ್ ಬಂದರೆ ಏನಾಗಬೇಕು ಹೇಳಿ. ಬಾಣ ಒಂದು ಕಡೆ, ಕೈ ಒಂದು ಕಡೆ. ತಗಣಿ ಹೊಸಕಿದ ಹಾಗೆ ಗುಂಡಿ ಒತ್ತುವರು. ಕಂಪ್ಯೂಟರ್ ಸುಮ್ಮನೆ ನಿಂತರೆ, "ಇದರಾಗ ಏನೋ ಐಬು ಅದ" ಅನ್ನುವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಎರಡು ಸಾವಿರದ ಹದಿನೈದನೆಯ ಇಸವಿಯ ಮಾತು. ಎರಡು ವರ್ಷ ಮೇಲಿಂದ ಮೇಲೆ ಮಳೆ ಕೈಕೊಟ್ಟಿತ್ತು. ದಸರಾ ಮುಗಿದದ್ದೇ ತಡ, ಮಂದಿ ಮಕ್ಕಳುಮರಿ ಕಟ್ಟಿಕೊಂಡು ಹೈದರಾಬಾದಿನ ಕಡೆ ಇಟ್ಟಿಗೆ ಭಟ್ಟಿಗೆ, ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲಿಕ್ಕೆ ಗುಳೆ ಹೊರಟುಬಿಟ್ಟಿದ್ದರು. ಮಾಸ್ತರರ ಸಾಲಿಯಿಂದಲೇ ಹನ್ನೊಂದು ಮಕ್ಕಳು ಹೋಗಿದ್ದವು. ಹಾಜರಿ ಪುಸ್ತಕದ ಹನ್ನೊಂದು ಸಾಲುಗಳ ಮುಂದೆ ದಿನಾ ಕೆಂಪು ಶಾಯಿಯ ಚೆಂದದ ‘ಗೈರು’ ಬೀಳುತ್ತಿತ್ತು.

ಅದೇ ಹೊತ್ತಿಗೆ ಮೇಲಿನಿಂದ ಹುಕುಂ ಬಂತು: ತರಗತಿಯಲ್ಲಿ ಕಂಪ್ಯೂಟರ್ ಬಳಸುವುದನ್ನು ಶಿಕ್ಷಕರಿಗೆ ಶಿಕ್ಷಕರೇ ಕಲಿಸಬೇಕು. ತಾಲೂಕಿಗೆ ಒಬ್ಬರು ಬೀದರದಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಯಾವ ಪಾಠ ಎಲ್ಲರಿಗೂ ಹಿಡಿಸುತ್ತದೋ ಆ ಸಾಲಿಗೆ ಒಂದು ಪ್ರೊಜೆಕ್ಟರ್. ಭಾಲ್ಕಿಯಿಂದ ಯಾರು? ವಯಸ್ಸಿಗೆ ಹಿರಿಯರು ಭಾಲಚಂದ್ರ ಮಾಸ್ತರರು. ನನಗೆ ಬರುವುದಿಲ್ಲ ಅನ್ನುವುದು ಅವರ ಬಾಯಿಗೆ ಬರಲಿಲ್ಲ. "ಆತು, ಅದರಾಗೇನದ" ಅಂದುಬಿಟ್ಟರು.

ಭಾಲ್ಕಿಯಲ್ಲಿ ಕಲಿಸುವವರು ಇರಲಿಲ್ಲವೇ? ಇದ್ದರು. ಆದರೆ ನೋಡುವವರೂ ಇದ್ದರು. ಅದಕ್ಕೇ ಮಾಸ್ತರರು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಕಮಲನಗರದಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ಔರಾದ ತಾಲೂಕಿನ ಎಕಂಬಾಕ್ಕೆ ಹೋದರು. ಅಲ್ಲಿಯ ಸಾಲಿಯಲ್ಲಿ ಶಿವಕಾಂತಾ ಟೀಚರ್ ಇದ್ದಳು. ಇಪ್ಪತ್ತು ವರ್ಷದ ಹಿಂದೆ ಅವಳು ಅವರ ವಿದ್ಯಾರ್ಥಿನಿ. ಎರಡನೇ ಇಯತ್ತೆಯವರೆಗೂ ಅಕ್ಷರ ಹತ್ತದೆ ಅಳುತ್ತಿದ್ದವಳಿಗೆ ಬಳಪದ ಸಮೇತ ಕೈ ಹಿಡಿದು ‘ಅ’ ತಿದ್ದಿಸಿದವರು ಅವರೇ.

ಅವಳು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ಮೈದುನನ ಹಳೇ ಲ್ಯಾಪ್‌ಟಾಪ್ ತೆಗೆದಳು. ಮಾಸ್ತರರ ಬಾಣ ಪರದೆಯ ತುಂಬ ಓಡಾಡಿದ್ದು ನೋಡಿ ಕೇಳಿದಳು: "ಸರ್, ಸಿಟ್ಟಾಗಬ್ಯಾಡ್ರಿ. ಕೈ ಹಿಡೀಲೇನ್ರಿ?"

ಮಾಸ್ತರರ ಕಿವಿ ಬಿಸಿಯಾದವು. "ಹಿಡೀವಾ," ಅಂದರು.

ನಾಲ್ಕು ಭಾನುವಾರ ಹೀಗೇ ನಡೆಯಿತು. ನಾಲ್ಕನೆಯ ಭಾನುವಾರ ಅವಳು ತನ್ನ ಮಕ್ಕಳು ಕಟ್ಟಿದ ಪಾಠವೊಂದನ್ನು ತೋರಿಸಿದಳು. ಎಕಂಬಾದ ಮಕ್ಕಳು ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ಪ್ರತಿ ಶನಿವಾರ ಊರ ಬಾವಿಗೆ ಇಳಿಬಿಟ್ಟು, ನೀರು ಮುಟ್ಟುವವರೆಗೆ ಗಂಟು ಎಣಿಸುತ್ತಿದ್ದರು. ವಾರವಾರ ನೀರು ಕೆಳಗೆ, ಗಂಟು ಹೆಚ್ಚು. ಎಣಿಕೆಯನ್ನು ಮಕ್ಕಳು ಕಾಗದದ ಮೇಲೆ ಕಂಬ ಕಂಬವಾಗಿ ಬರೆದಿದ್ದರು. ಶಿವಕಾಂತಾ ಆ ಕಾಗದಗಳ ಫೋಟೋ ಹೊಡೆದು ಒಂದರ ಹಿಂದೊಂದು ಜೋಡಿಸಿದ್ದಳು. ಬರೀ ಅಷ್ಟೇ ಅಲ್ಲ. ಗುಳೆ ಹೋದ ಹದಿನಾಲ್ಕು ಮಕ್ಕಳ ಅಪ್ಪಂದಿರ ಫೋನಿಗೆ ಹಚ್ಚಿ, ಅಲ್ಲಲ್ಲಿಯ ಬಾವಿ ಎಷ್ಟು ಗಂಟು ಎಂದು ಕೇಳಿ, ಅವರ ದನಿಯನ್ನೂ ಪಾಠದಲ್ಲಿ ಕೂಡಿಸಿದ್ದಳು. ಕೊನೆಗೆ ಗೌಹರ ಎಂಬ ಹುಡುಗಿಯ ದನಿ ಇತ್ತು. ಊರಲ್ಲಿದ್ದಾಗ ಹಗ್ಗ ಹಿಡಿಯುವವಳು ಅವಳೇ. ಈಗ ಇಟ್ಟಿಗೆ ಭಟ್ಟಿಯಲ್ಲಿದ್ದಳು.

"ಟೀಚರ್, ನಾ ಗೌಹರ. ಇಲ್ಲಿ ಬಾವಿ ಇಲ್ರಿ. ಟ್ಯಾಂಕರ್ ಬರ್ತದ. ಟ್ಯಾಂಕರಿಗಿ ಗಂಟ ಹ್ಯಾಂಗ ಎಣಸ್ಲಿರಿ?"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಬೀದರಿನ್ಯಾಗ ತೋರಸ್ಬೇಕವಾ ನೀನು," ಅಂದರು.

"ನೀವೇ ತೋರಸ್ರಿ ಸರ್. ಮಂದಿ ಮುಂದ ನಿಂತ್ರ ನನ್ನ ಬಾಯಿ ಒಣಗ್ತದ. ಎಕಂಬಾ ಸಾಲಿದು ಅಂತ ಒಂದ ಮಾತ ಹೇಳ್ರಿ, ಸಾಕು. ಪ್ರೊಜೆಕ್ಟರ್ ಬಂದ್ರ ಮಕ್ಕಳು ಕೂಡಿ ನೋಡ್ತಾವ. ಈಗ ಈ ಡಬ್ಬಿ ಸುತ್ತ ಐದೈದು ಮಂದಿ ಮುಕುರಿ ಕುಂಡ್ರತಾವ್ರಿ." ಪೆನ್‌ಡ್ರೈವ್ ಕೊಡುವಾಗ ಅವಳು ಯಾಕೋ ನಾಚಿದಳು. "ಕೊನೀ ಪುಟ ಈಗ ನೋಡಬ್ಯಾಡ್ರಿ. ಊರಿಗಿ ಹೋಗಿ ನೋಡ್ರಿ."

ಊರಿಗೆ ಹೋಗಿ ಸಾಲಿಯ ಕಂಪ್ಯೂಟರಿನಲ್ಲಿ ನೋಡಿದರು. ಉಳಿದದ್ದೆಲ್ಲ ಸರಿಯಾಗಿತ್ತು. ಕೊನೆಯ ಪುಟ ಮಾತ್ರ ಹುಳ ಹರಿದಾಡಿದ ಹಾಗೆ. ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ನಡುವೆ ಒಂದು ಕಡೆ ಹೀಗಿತ್ತು: ¨sÁ®ZÀAzÀæ. ಏನಿದು ಎಂದು ಶಿವಕಾಂತಾಗೆ ಒಂದು ಫೋನು ಹಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟೂ ಗೊತ್ತಿಲ್ಲವೇ ಅಂದಾಳು ಎಂಬ ನಾಚಿಕೆ. ಎಲ್ಲೋ ಕಸ ಹೊಕ್ಕಿದೆ, ಅಲ್ಲಿಯವರೆಗೆ ಹೋಗದಿದ್ದರಾಯಿತು ಎಂದು ಮಾಸ್ತರರು ಸುಮ್ಮನಾದರು.

ಬೀದರದ ಸಭಾಂಗಣದಲ್ಲಿ ಮೂರು ತಾಲೂಕಿನ ಅರವತ್ತು ಮಂದಿ ಶಿಕ್ಷಕರು ಕೂಡಿದ್ದರು. ತರಬೇತಿ ನಡೆಸುವವರು ಸುಲಭಾ ಮೇಡಂ. ಯಂತ್ರ ನೋಡಿಕೊಳ್ಳಲು ಜನವಾಡದ ಗಣಿತ ಶಿಕ್ಷಕ ಅಯ್ಯುಬ. ಮೂರನೆಯ ಸಾಲಿನಲ್ಲಿ, ಔರಾದದವರ ನಡುವೆ ಶಿವಕಾಂತಾ ಕೂತಿದ್ದಳು.

ದೇವರಾಣೆ, ಮಾಸ್ತರರು ‘ಎಕಂಬಾ’ ಎಂದು ಮೊದಲೇ ಹೇಳಬೇಕೆಂದು ನಿಂತಿದ್ದರು. ಆದರೆ ಮೌಸ್ ಹಿಡಿದದ್ದೇ ತಡ, ಬಾಣ ಮತ್ತೆ ಎತ್ತಲೋ ಓಡಿತು, ಆ ಗಡಿಬಿಡಿಯಲ್ಲಿ ಮಾತು ಹಿಂದೆ ಬಿತ್ತು. ಕೊನೆಗೆ ಹೇಳಿದರಾಯಿತು ಅಂದುಕೊಂಡರು. ಬಾವಿ ಬಂತು, ಹಗ್ಗ ಬಂತು, ಕಂಬಗಳು ಬಂದವು. ಗೌಹರಳ ದನಿ ಬಂದು ಮುಗಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಭಾಲ್ಕಿಯವರಂತೂ ಎದ್ದು ನಿಂತು ತಟ್ಟಿದರು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಮಾಸ್ತರರಿಗೆ ಅಷ್ಟು ಚಪ್ಪಾಳೆ ಬಿದ್ದದ್ದಿಲ್ಲ.

ಸುಲಭಾ ಮೇಡಂ ಕೇಳಿದರು: "ಭಾಳ ಚಲೋ ಆತ್ರಿ ಸರ್. ಈ ಹುಡುಗಿ, ಗೌಹರ, ನಿಮ್ಮ ಸಾಲಿಯಾಕಿ ಏನ್ರಿ?"

ಅಲ್ಲರಿ ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು.

"ಹೌದ್ರಿ," ಅಂದರು ಭಾಲಚಂದ್ರ ಮಾಸ್ತರರು. "ನಮ್ಮ ಸಾಲಿಯಾಕಿನೇ."

ಅಂದ ಮೇಲೆ ಮೂರನೆಯ ಸಾಲಿನ ಕಡೆ ನೋಡುವ ಧೈರ್ಯ ಯಾರಿಗಿದ್ದೀತು? ಮಾಸ್ತರರು ನೋಡಲಿಲ್ಲ. ಕೆಳಗೆ ನೋಡಿದರು, ಬೆರಳು ತಪ್ಪಿ ಇನ್ನೊಮ್ಮೆ ಗುಂಡಿ ಒತ್ತಿತು. ಗೋಡೆಯ ತುಂಬ ಹುಳಗಳು ಹರಿದಾಡಿದವು.

"ಇದೇನ್ರಿ ಸರ್?" ಅಂದರು ಮೇಡಂ.

"ಅದು... ಕಸರಿ. ವೈರಸ್ ಹೊಕ್ಕದ."

ಅಯ್ಯುಬ ಮುಂದೆ ಬಂದ. "ವೈರಸ್ ಅಲ್ರಿ ಸರ್. ನುಡಿ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡ್ಯಾರ. ನಿಮ್ಮ ಮಷೀನಿನ್ಯಾಗ ಆ ಅಕ್ಷರದ ಫಾಂಟ್ ಇಲ್ಲಂದ್ರ ಬ್ಯಾರೆ ಹತ್ತಿ ಹಿಂಗ ಕಾಣ್ತದ. ಇಲ್ಲಿ ಅದ. ಬದಲ ಮಾಡಿದ್ರ ಕನ್ನಡ ಆಗ್ತದ ನೋಡ್ರಿ."

ಶಿವಕಾಂತಾ ತಟ್ಟನೆ ಎದ್ದು ನಿಂತಳು. ಮಂದಿಯ ಮುಂದೆ ಬಾಯಿ ಒಣಗುತ್ತದೆ ಅಂದವಳು. "ಬ್ಯಾಡ್ರಿ ಅಯ್ಯುಬ ಸರ್. ಸರ್ ಕಸ ಅಂದಾರಲ್ರಿ, ಕಸನೇ ಅದು. ಬಿಡ್ರಿ ಅದನ್ನ."

ಅಲ್ಲಾದರೂ ಮಾಸ್ತರರಿಗೆ ಬುದ್ಧಿ ಬರಬಾರದೆ? ಬರಲಿಲ್ಲ. ತಮಗೆ ಗೊತ್ತಿಲ್ಲದ್ದು ಇಷ್ಟು ಮಂದಿಯ ಮುಂದೆ ಬಯಲಾಯಿತಲ್ಲ ಎಂಬ ಮುಜುಗರ ಮುಚ್ಚಿಕೊಳ್ಳಲು ದೊಡ್ಡ ದನಿ ತೆಗೆದರು: "ಯಾಕ ಬಿಡಬೇಕವಾ? ಮಾಡ್ರಿ ಅಯ್ಯುಬ. ಎಲ್ಲಾರೂ ಕಲೀಲಿ. ಗೊತ್ತಿಲ್ಲದ್ದು ಕಲ್ಯಾಕ ನಾಚಿಕಿ ಇರಬಾರ್ದು."

ಅಯ್ಯುಬ ಎರಡು ಸಲ ಒತ್ತಿದ. ಹುಳಗಳು ಕನ್ನಡವಾದವು.

"ಓದ್ರಿ ಸರ್," ಅಂದರು ಮೇಡಂ. ಪ್ರತಿ ಪುಟವನ್ನೂ ಪಾಠ ಮಾಡುವವರೇ ಗಟ್ಟಿಯಾಗಿ ಓದುವುದು ಅಲ್ಲಿಯ ರಿವಾಜು.

ಮಾಸ್ತರರು ಓದತೊಡಗಿದರು. "ಇದು ಎಕಂಬಾ ಶಾಲೆಯ ಮಕ್ಕಳ ಪಾಠ. ಊರಲ್ಲಿರುವವರು ಹದಿನೇಳು, ಗುಳೆ ಹೋದವರು ಹದಿನಾಲ್ಕು. ಕೈ ಹಿಡಿದು ಅಕ್ಷರ ತಿದ್ದಿಸಿದ..." ಅಲ್ಲಿಗೆ ಓದು ನಿಂತಿತು. ಮುಂದಿನದನ್ನು ಅವರು ಓದುವ ಅಗತ್ಯವೂ ಇರಲಿಲ್ಲ. ಅರವತ್ತು ಮಂದಿ ಮಾಸ್ತರರು, ಅಕ್ಷರ ಬಲ್ಲವರೇ. ಗೋಡೆಯ ಮೇಲೆ ಮೊಳದುದ್ದ ಇತ್ತು: ‘ನನ್ನ ಭಾಲಚಂದ್ರ ಗುರುಗಳಿಗೆ. ಶಿವಕಾಂತಾ.’

ಇಡೀ ತಾಲೂಕಿಗೆ ಅಕ್ಷರದಿಂದ ಹೆಸರಾದ ಮನುಷ್ಯ ತನ್ನದೇ ಹೆಸರನ್ನು ಕಸ ಅಂದಿದ್ದ.

ಹಿಂದಿನ ಬೆಂಚಿನಿಂದ ಔರಾದದ ವಸಂತ ಮಾಸ್ತರ ಮೆಲ್ಲಗೆ ಅಂದ, ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸುವ ಹಾಗೆ: "ಕಂಡವರ ಮಕ್ಕಳ್ನ ಬಾವಿಗಿ ತಳ್ಳಿ ಆಳ ನೋಡೋದು ಅಂದ್ರ ಇದೇ ನೋಡ್ರಪಾ." ಕೆಲವರು ನಕ್ಕರು. ಭಾಲ್ಕಿಯವರು ತಮ್ಮ ತಮ್ಮ ಫೋನು ನೋಡಿಕೊಂಡರು. ಭೂಮಿ ಬಾಯಿ ಬಿಡಬಾರದೆ ಅನ್ನುತ್ತಾರಲ್ಲ, ಮಾಸ್ತರರಿಗೆ ಅವತ್ತು ಹಾಗಾಯಿತು. ಬಿಡಲಿಲ್ಲ. ಬೇಕಾದಾಗ ಅದು ಬಿಡುವುದೇ ಇಲ್ಲ.

ಶಿವಕಾಂತಾ ಇನ್ನೂ ನಿಂತೇ ಇದ್ದಳು. "ಮೇಡಂ, ಸರ್ ಸುಳ್ಳ ಹೇಳಿಲ್ರಿ," ಅಂದಳು. "ನನಗ ಅಕ್ಷರ ಕಲಿಸ್ದೋರು ಅವರು. ನನ್ನ ಸಾಲಿ ಅಂದ್ರ ಅವರ ಸಾಲಿನೇ ಆತಲ್ರಿ."

ಒಳ್ಳೆಯ ಮಾತು. ಅದನ್ನು ಹಿಡಿದುಕೊಂಡು ಪಾರಾಗಬಹುದಿತ್ತು. ಮೇಡಂ ಕೂಡ ಹೂಂ ಅನ್ನುವ ಹಾಗೆ ತಲೆಯಾಡಿಸತೊಡಗಿದ್ದರು. ಆದರೆ ವಸಂತನ ಕುಹಕಕ್ಕಿಂತ ಈ ಮಾತೇ ಮಾಸ್ತರರಿಗೆ ಚೂರಿ ಹಾಕಿತು. ಕುಹಕವಾದರೆ ಸಿಟ್ಟಾದರೂ ಬರುತ್ತದೆ, ಇದಕ್ಕೆ ಏನು ಮಾಡುವುದು?

"ಅಲ್ರಿ ಮೇಡಂ," ಅಂದರು. "ನಾ ಸುಳ್ಳ ಹೇಳ್ದೆ. ಗೌಹರ ಎಕಂಬಾದಾಕಿ. ಆ ಕೂಸಿನ ಮುಖಾನೂ ನಾ ನೋಡಿಲ್ಲ. ಪ್ರೊಜೆಕ್ಟರ್ ಎಕಂಬಾಕ್ಕ ಕೊಡ್ರಿ. ನನಗ ಮೌಸ್ ಹಿಡ್ಯಾಕ ಕಲಿಸ್ದಾಕಿನೂ ಇಕಿನೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಸ್ತರರು ವೇದಿಕೆ ಇಳಿದು ಕಲಿಯುವವರ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತರು. ಊಟದ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಿಡಬೇಕು ಅನ್ನಿಸಿತು. ಚಪ್ಪಲಿಯನ್ನೂ ಮೆಟ್ಟಿದ್ದರು. ಹಾಗೇ ತಿರುಗಿ ಬಂದರು.

ಮಧ್ಯಾಹ್ನದ ಪಾಠ ಪಕ್ಕದ ಕಂಪ್ಯೂಟರ್ ಕೋಣೆಯಲ್ಲಿ, ಶಿವಕಾಂತಾಳದು. ಮೇಡಂ ಬಲವಂತ ಮಾಡಿ ನಿಲ್ಲಿಸಿದ್ದರು. ಅವಳು ಎರಡು ಸಲ ನೀರು ಕುಡಿದು ಶುರುಮಾಡಿದಳು: "ಎಲ್ಲಾರೂ ನುಡಿ ತೆಗೀರಿ. ಕನ್ನಡ ಟೈಪ್ ಮಾಡೋದು ಕಲ್ಯೋಣ್ರಿ. ನಿಮ್ಮ ನಿಮ್ಮ ಸಾಲಿಯಿಂದ ಗುಳೆ ಹೋದ ಮಕ್ಕಳ ಹೆಸರ ಹೊಡೀರಿ. ಅಪ್ಪಂದೋ ಅವ್ವಂದೋ ಫೋನ್ ನಂಬರ್ ಇದ್ರ ಬಾಜೂಕ ಹಾಕ್ರಿ. ಆಮ್ಯಾಲ ಫೋನ್ ಹಚ್ಚೋಣು."

ಸುತ್ತ ಟಕಟಕ ಸಪ್ಪಳ ಎದ್ದಿತು. ಮಾಸ್ತರರು ಒಂದೊಂದೇ ಕೀಲಿ ಹುಡುಕಿ ‘ಪಂಢರಿ’ ಎಂದು ಹೊಡೆದರು. ಆಮೇಲೆ ‘ಮೀರಾ’. ಆಮೇಲೆ ‘ನರಸಿಂಗ’. ನರಸಿಂಗನಿಗೆ ಒಬ್ಬಳು ತಂಗಿ ಇದ್ದಳು, ಎರಡು ಜಡೆಯವಳು, ಕಿಟಕಿಯ ಪಕ್ಕ ಕೂಡುತ್ತಿದ್ದಳು. ಅವಳ ಹೆಸರು? ಬಾಯಲ್ಲೇ ಇದ್ದ ಹಾಗಾಯಿತು, ಬರಲಿಲ್ಲ. ಪರದೆಯ ಮೇಲೆ ಸಣ್ಣ ಗೆರೆ ಮಿನುಗುತ್ತಾ ಕಾದಿತ್ತು.

ಶಿವಕಾಂತಾ ಬಂದು ಹಿಂದೆ ನಿಂತಳು.

"ಎಷ್ಟ ಮಕ್ಕಳು ಹೋಗ್ಯಾವ್ರಿ ಸರ್?"

"ಹನ್ನೊಂದು," ಅಂದರು ಥಟ್ಟನೆ. ಎಣಿಕೆ ಮಾತ್ರ ಪಕ್ಕಾ ಇತ್ತು.

"ಉಳದ ಎಂಟು ಮಂದಿ ಹೆಸರ್ರಿ?"

ಮಾಸ್ತರರು ಕಣ್ಣು ಮುಚ್ಚಿದರು. ಹಾಜರಿ ಪುಸ್ತಕದ ಪುಟ ಕಣ್ಣಿಗೆ ಕಟ್ಟಿತು. ಹನ್ನೊಂದು ‘ಗೈರು’, ಕೆಂಪು ಶಾಯಿ, ಒಂದೊಂದು ಕೊಂಬೂ ಎಷ್ಟು ದುಂಡಗೆ. ಅವುಗಳ ಎಡಕ್ಕೆ ಅವರೇ ಬರೆದ ಹೆಸರುಗಳು ಇರಬೇಕು. ಎಷ್ಟು ನೋಡಿದರೂ ಕಾಣಲಿಲ್ಲ.

"ನನಗ ಗೊತ್ತಿಲ್ಲವಾ," ಅಂದರು.