ಹುಜೂರರ ಪಲಂಗ

ಕಬ್ಬಿಣದ ಹಾರಿಯನ್ನು ಬಾಗಿಲ ಸಂದಿಗೆ ತೂರಿಸಿ ಯಾಸೀನ ಮತ್ತೊಮ್ಮೆ ಮೈಭಾರ ಹಾಕಿ ಜಗ್ಗಿದ. ಒಳಗೆ ಎಲ್ಲೋ ಕಿರ್ರೆಂದಿತೇ ಹೊರತು ಬಾಗಿಲು ಅಲುಗಲಿಲ್ಲ. ಅದು ಶಿಕಾರಖಾನೆ ಬಂಗಲೆಯ ಮುಂಬಾಗಿಲು. ನವಾಬರು ಬೇಟೆಗೆ ಬಂದಾಗ ಮಾತ್ರ ತೆರೆಯತಕ್ಕದ್ದು. ನವಾಬರು ಬರುವುದು ನಿಂತು ಮುಕ್ಕಾಲು ಶತಮಾನವೇ ಆಗಿದ್ದರಿಂದ ಬಾಗಿಲು ತನ್ನ ಕೆಲಸವನ್ನು ಮರೆತು ಗೋಡೆಯಾಗಿಬಿಟ್ಟಿತ್ತು.

ಬಂಗಲೆಯ ಹಿಂದೆ, ಒಂದು ಕಾಲಕ್ಕೆ ಬೇಟೆಯ ಚೀತಾಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯ ಮುಂದೆ, ಯಾಸೀನನ ಅಪ್ಪ ಮಲಂಗಸಾಬನ ಮೈ ತೊಳೆಯಲು ನೀರು ಕಾಯುತ್ತಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೆಣ ಹೊತ್ತ ಜನಾಜಾ ಮಟಕಿ ಊರಿನ ಮಸೀದಿ ಮುಟ್ಟಬೇಕು. ಅಷ್ಟರೊಳಗೆ ಈ ಬಾಗಿಲು ತೆರೆಯಬೇಕು, ಅಪ್ಪ ಈ ಮೆಟ್ಟಿಲು ಇಳಿದೇ ಹೋಗಬೇಕು. ಬೆಳಗಿನಿಂದ ಯಾಸೀನ ಹಿಡಿದ ಹಟ ಇದೊಂದೇ.

ಮಲಂಗಸಾಬ ಈ ಬಂಗಲೆಯ ಚೌಕಿದಾರ. ಅವನ ಅಪ್ಪನೂ ಅದೇ. ಹುಟ್ಟಿದ್ದು ಚೀತಾದ ಕೊಟ್ಟಿಗೆಯಲ್ಲಿ, ಸಂಸಾರ ಮಾಡಿದ್ದು ಅಲ್ಲೇ, ನಿನ್ನೆ ಸಂಜೆ ಕಣ್ಣು ಮುಚ್ಚಿದ್ದೂ ಅಲ್ಲೇ. ದಿನಾಲೂ ಹಿಂದಿನ ಗಿಡ್ಡ ಬಾಗಿಲಿನಿಂದ ತಲೆ ಬಗ್ಗಿಸಿ ಬಂಗಲೆಯೊಳಗೆ ಹೋಗುವುದು, ಕಸ ಹೊಡೆದು ಹುಜೂರರ ಪಲಂಗದ ಹಾಸಿಗೆ ಝಾಡಿಸುವುದು, ಅದೇ ಬಾಗಿಲಿನಿಂದ ತಲೆ ಬಗ್ಗಿಸಿ ಹೊರಗೆ ಬರುವುದು. ಆ ಬಾಗಿಲೇ ಅಪ್ಪನ ಬೆನ್ನು ಬಗ್ಗಿಸಿತು ಎಂದು ಯಾಸೀನ ಹೇಳುತ್ತಿದ್ದ. ವಯಸ್ಸು ಬಗ್ಗಿಸಿತು ಎಂದು ಆಳಂದದ ಡಾಕ್ಟರರು ಹೇಳುತ್ತಿದ್ದರು. ಇಬ್ಬರ ಮಾತೂ ಸುಳ್ಳಲ್ಲ.

ಹಾರಿಯ ಸದ್ದು ಕೇಳಿ ತಾಯಿ ಖುರ್ಷಿದಬೇಗಂ ಗೋಡೆ ಹಿಡಿದುಕೊಂಡು ಬಂದಳು. ಅತ್ತು ಅತ್ತು ಅವಳ ದನಿ ಕುಸಿದಿತ್ತು.

"ನಿಮ್ಮಪ್ಪ ಒಪ್ಪತಿದ್ದಿಲ್ಲ ಬೇಟಾ."

"ಅಪ್ಪನ್ನ ಕೇಳಾಕತ್ತಿಲ್ಲ ನಾ. ನಿನ್ನ ಕೇಳಾಕತ್ತೇನಿ."

ಅವಳು ಮೆಟ್ಟಿಲ ಮೇಲೆ ಕುಳಿತಿದ್ದ ಹುಲೆಪ್ಪನ ಕಡೆ ನೋಡಿದಳು. ಹುಲೆಪ್ಪ ಸತ್ತವನ ಓರಗೆಯವನು. ಅವನ ಮಂದಿ ನವಾಬರ ಬೇಟೆಗೆ ಹಾಕಾ ಹಾಕುವವರು, ಅಂದರೆ ತಮಟೆ ಬಡಿದು ಚಿಗರಿ ಜಿಂಕೆಗಳನ್ನು ಬಯಲಿಗೆ ಎಬ್ಬಿಸುವವರು. ಆ ಮೆಟ್ಟಿಲ ಮೇಲೆ ಅವನು ಕುಳಿತದ್ದೂ ಇವತ್ತೇ ಮೊದಲು. ಮಲಂಗ ಬದುಕಿದ್ದರೆ ಎಬ್ಬಿಸಿ ಕಳಿಸುತ್ತಿದ್ದ.

"ಹೋಗಲಿ ಬಿಡವ್ವ," ಎಂದ ಹುಲೆಪ್ಪ. "ಜೀವ ಇರೋತನಕ ಅಂವ ಅವರ ಮಾತು ಮೀರಲಿಲ್ಲ. ಈಗರೆ ಮಗನ ಮಾತು ಕೇಳಲಿ."

ಖುರ್ಷಿದಬೇಗಂ ಬಾಗಿಲ ಕಡೆ ತಿರುಗಿದಳು. ಮದುವೆಯಾಗಿ ಬಂದಂದಿನಿಂದ ಅವಳು ಅದನ್ನು ಹೊರಗಿನಿಂದಲೇ ನೋಡಿದವಳು.

"ಒಮ್ಮಿ ಹೋಗಲಿ," ಎಂದಳು ಕಡೆಗೆ. "ಒಮ್ಮಿ ಹೋದ್ರ ಯಾರ ಗಂಟೇನು ಹೋಗ್ತದ."

ಯಾಸೀನ ಮತ್ತೆ ಹಾರಿ ಹಾಕಿದ. ಒಳಗಿನಿಂದ ಸರಿಯದೆ ತುಕ್ಕು ಹಿಡಿದು ಕೂತಿದ್ದ ಚಿಲಕ ಈ ಸಲ ಮುರಿಯಿತು. ನಡುಮನೆಯ ನೆಲದ ಮೇಲೆ ಬಿಸಿಲು ಬಿದ್ದಾಗ ಅವನ ಕಣ್ಣುಗಳು ತುಂಬಿ ಬಂದವು. ಅಪ್ಪ ಸತ್ತಿದ್ದಕ್ಕೆ ಅವನು ಮೊದಲ ಸಲ ಅತ್ತದ್ದು ಆಗ.

*

ಕೊನೆಯ ಶಿಕಾರಿ ನಡೆದಾಗ ಮಲಂಗ, ಹುಲೆಪ್ಪ ಇಬ್ಬರೂ ಚಡ್ಡಿಯ ಹುಡುಗರು. ಒಬ್ಬ ಚೀತಾಕ್ಕೆ ನೀರಿಡುತ್ತಿದ್ದ, ಇನ್ನೊಬ್ಬ ದೊಡ್ಡವರ ಸಂಗಡ ತಮಟೆ ಬಡಿಯುತ್ತಿದ್ದ. ನವಾಬರ ಮೋಟಾರು ಬಂಡಿದಾರಿಗೆ ಬಂತೆಂದರೆ ಬಂಗಲೆಯ ಮಂದಿಯೆಲ್ಲ ದಾರಿ ಬಿಟ್ಟು ಹೊಲಕ್ಕೆ ಇಳಿಯಬೇಕು. ಧೂಳು ಅಡಗುವ ತನಕ ತಲೆ ಎತ್ತಬಾರದು. ಮೋಟಾರಿನಲ್ಲಿ ನವಾಬರೇ ಇರಬೇಕೆಂದಿಲ್ಲ. ಅವರ ನಾಯಿ ಇದ್ದರೂ, ಅವರ ಅಡುಗೆಯ ಪಾತ್ರೆ ಇದ್ದರೂ ಅದೇ ಕಾಯಿದೆ.

ಹೊರಡುವ ದಿನ ನವಾಬರು ಮಲಂಗನ ಅಪ್ಪನಿಗೆ ಪಲಂಗ ಹಾಸಿಯೇ ಇರಲಿ, ಮುಂದಿನ ಚಳಿಗಾಲಕ್ಕೆ ಬರುತ್ತೇವೆ ಎಂದು ಹೇಳಿ ಹೋದರು. ಮುಂದಿನ ಚಳಿಗಾಲಕ್ಕೆ ನಿಜಾಮನ ರಾಜ್ಯವೇ ಇರಲಿಲ್ಲ. ಚಿಗರಿಗಳೂ ಕ್ರಮೇಣ ಕಾಣದಾದವು, ಚೀತಾ ಸತ್ತವು. ಪಲಂಗ ಮಾತ್ರ ಹಾಸಿಯೇ ಇತ್ತು. ಅಪ್ಪನ ನಂತರ ಮಲಂಗ ಹಾಸಿದ. ಖುರ್ಷಿದಬೇಗಂ ಪ್ರತಿ ಗುರುವಾರ ಅದರ ಬಿಳಿ ಚಾದರ ಒಗೆದು ಹಾಕಿದಳು. ಹೈದರಾಬಾದಿನಿಂದ ಬರುತ್ತಿದ್ದ ಪಗಾರ ಯಾವಾಗ ನಿಂತಿತೆಂದು ಗಂಡಹೆಂಡತಿ ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಹೊಟ್ಟೆಗೆ ಇವನು ಕಂಡವರ ಹೊಲದಲ್ಲಿ ದುಡಿದ, ಅವಳು ಕೌದಿ ಹೊಲಿದಳು.

ಯಾಸೀನ ಸಣ್ಣವನಿದ್ದಾಗ ಒಮ್ಮೆ ನವಾಬರ ಮಗ ಜೀಪಿನಲ್ಲಿ ಬಂದ. ಹುಡುಗ ದಾರಿಯ ನಡುವೆ ಬಾಯಿ ತೆರೆದು ನಿಂತುಬಿಟ್ಟಿದ್ದ. ಮಲಂಗಸಾಬ ಅವನ ರಟ್ಟೆ ಹಿಡಿದು ಹೊಲಕ್ಕೆ ಎಳೆದು, ಕುತ್ತಿಗೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ. ಆಮೇಲೂ ಮಾಲೀಕರ ಕಡೆಯ ಯಾವ ಗಾಡಿ ಬಂದರೂ ಆ ಕೈ ಹಾಗೇ ಬಿತ್ತು. ಮೀಸೆ ಮೂಡಿದ ಮೇಲೆ ಯಾಸೀನ ಯಾರಿಗೂ ದಾರಿ ಬಿಡುವುದಿಲ್ಲ ಎಂದು ಅಪ್ಪನ ಮುಖಕ್ಕೇ ಹೇಳಿ, ಆಳಂದಕ್ಕೆ ಹೋಗಿ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ.

*

ಮೈ ತೊಳೆಯುವುದು ನಡೆದಿದ್ದಾಗ ಲಾರಿ ಬಂತು. ಸಂಗಡ ಕಾರಿನಲ್ಲಿ ಶರಫುದ್ದೀನ. ನವಾಬರ ಮೊಮ್ಮಕ್ಕಳ ಆಸ್ತಿ ನೋಡಿಕೊಳ್ಳುವವನು, ಮೆತ್ತನೆ ಮಾತಿನ ಮನುಷ್ಯ. ಮಲಂಗಸಾಬ ತೀರಿದ್ದು ಅವನಿಗೆ ಗೊತ್ತಿರಲಿಲ್ಲ. ನಿಜವಾಗಿ ನೊಂದುಕೊಂಡ, ಟೋಪಿ ಹಾಕಿಕೊಂಡು ದುವಾ ಓದಿದ. ಆಮೇಲೆ ಯಾಸೀನನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ಪಲಂಗ ಒಂದು ಹೋಟೆಲಿನವರಿಗೆ ಮಾರಾಟವಾಗಿದೆ. ಇವತ್ತೇ ಒಯ್ಯಬೇಕು. ಬಂಗಲೆಯನ್ನೂ ಮಾತಾಡಿ ಆಗಿದೆ, ಮುಂದಿನ ತಿಂಗಳು ಕೆಡವುತ್ತಾರೆ. ತಾಯಿಯವರನ್ನು ನಿಮ್ಮ ಹತ್ತಿರ ಕರೆಸಿಕೊಂಡುಬಿಡಿ.

ಗ್ಯಾರೇಜಿನ ಹಿಂದೆ ತನಗಿರುವುದು ಒಂದೇ ಖೋಲಿ, ಅದರಲ್ಲಿ ಐದು ಜನ ಎಂದು ಯಾಸೀನ ಹೇಳಲಿಲ್ಲ. ಹೇಳಿ ಏನಾಗಬೇಕು.

"ಜನಾಜಾ ಈ ಬಾಗಿಲಿಂದ ಹೋಗ್ತದ್ರಿ," ಎಂದಷ್ಟೇ ಹೇಳಿದ.

ಶರಫುದ್ದೀನ ತೆರೆದ ಬಾಗಿಲು ನೋಡಿದ. ಅವನ ಮುಖ ಅರಳಿತು. ಪಲಂಗ ಹೊರಗೆ ತೆಗೆಯುವುದು ಹೇಗೆ, ಗೋಡೆ ಒಡೆಯಬೇಕೋ ಏನೋ ಎಂದು ದಾರಿಯುದ್ದಕ್ಕೂ ಚಿಂತೆಯಾಗಿತ್ತಂತೆ.

"ಛಲೋ ಮಾಡಿದ್ರಿ ತೆಗೆದಿದ್ದು. ನಿಮ್ಮದು ತೊಳೆಯೋದು ಮುಗಿಯೋದ್ರಾಗ ನಮ್ಮದು ಆಗ್ತದ. ಆಮ್ಯಾಲ ಆರಾಮ ಒಯ್ಯಿರಿ."

ಪಲಂಗವನ್ನು ಬಡಗಿಗಳು ಕೋಣೆಯೊಳಗೇ ಕೂತು ಮಾಡಿದ್ದರು; ಅದು ಹೊರಗೆ ಬರುವ ವಸ್ತುವಲ್ಲ. ಆಳುಗಳು ಕೋಣೆಯ ಬಾಗಿಲ ಚೌಕಟ್ಟು ಕಿತ್ತು ನಡುಮನೆಗೆ ತಂದರು. ಮುಂಬಾಗಿಲಿಗೆ ತಂದು ಓರೆ ಮಾಡಿ ನೂಕಿದರು. ಅರ್ಧ ಹೊರಗೆ, ಅರ್ಧ ಒಳಗೆ ಆಗಿ ಅದು ಹಾಗೇ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲೊಲ್ಲದು, ಮುಂದಕ್ಕೂ ಹೋಗಲೊಲ್ಲದು.

ಅಷ್ಟರಲ್ಲಿ ಮಲಂಗಸಾಬನಿಗೆ ಕಫನಿನ ಬಿಳಿ ಬಟ್ಟೆ ಹೊದಿಸಿ, ಜನಾಜಾದಲ್ಲಿ ಮಲಗಿಸಿ, ಹಿಂದಿನ ಬಾಗಿಲಿನಿಂದ ನಡುಮನೆಗೆ ತಂದು ಇಳಿಸಿದ್ದರು. ಹೆಂಗಸರು ಕೊನೆಯ ಸಲ ಮುಖ ನೋಡಿದರು. ಆಳೊಬ್ಬ ಗರಗಸ ತರಲು ಮಟಕಿಗೆ ಮೋಟರ್‌ಸೈಕಲ್ ಓಡಿಸಿದ. ಎಲ್ಲರೂ ಕಾದರು. ಪಲಂಗದ ಸಂದಿಯಲ್ಲಿ ಹೊರಗಿನ ಬೆಳಕು ತುಸು ಕಾಣುತ್ತಿತ್ತು. ಅಂಗಳದಲ್ಲಿ ಶರಫುದ್ದೀನ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದ.

*

ಒಂದು ಸಲ ಈ ಮನೆ ಮಲಂಗಸಾಬನದೇ ಆಗುವುದಿತ್ತು. ಭೂಮಿ ಉಳುವವನಿಗೆ, ಮನೆ ಇರುವವನಿಗೆ ಎಂಬ ಮಾತು ಊರೂರಲ್ಲಿ ಹಬ್ಬಿದ್ದ ಕಾಲ ಅದು. ತಾಲೂಕಿನಿಂದ ಒಬ್ಬ ಅಧಿಕಾರಿ ಬಂದು ಅಂಗಳದ ಬೇವಿನ ಮರದ ಕೆಳಗೆ ಕುಳಿತ. ಒಳ್ಳೆಯ ಮನುಷ್ಯ. ಮೊದಲು ಹುಲೆಪ್ಪನನ್ನು ಕರೆದು ಆಚೆಯ ಹೊಲ ಯಾರದೆಂದು ಕೇಳಿದ. ನಂದೇರಿ, ನಮ್ಮಪ್ಪನ ಕಾಲದಿಂದ ನಾವೇ ಬಿತ್ತೇವಿ ಎಂದ ಹುಲೆಪ್ಪ. ಅದು ಅವನದಾಯಿತು. ಅವನ ಮಗಳು ಪಂಚಶೀಲಾ ಅದೇ ಹೊಲದ ತೊಗರಿಯ ದುಡ್ಡಿನಲ್ಲಿ ಓದಿ, ಈಗ ಅಫಜಲಪುರದಲ್ಲಿ ನರ್ಸ್ ಆಗಿದ್ದಾಳೆ.

ಆಮೇಲೆ ಮಲಂಗನ ಪಾಳಿ. ಅವನು ಅವತ್ತು ಅಪ್ಪನ ಹಳೆಯ ಜರಿ ರುಮಾಲು ಸುತ್ತಿಕೊಂಡು, ಸೊಂಟಕ್ಕೆ ಹಿತ್ತಾಳೆಯ ಬಿಲ್ಲೆ ಕಟ್ಟಿಕೊಂಡು ಬಂದಿದ್ದ. ಸರಕಾರದ ಮನುಷ್ಯ ಬಂದಾಗ ಮಾಲೀಕರ ಮರ್ಯಾದೆ ಕಾಯಬೇಕಲ್ಲ.

"ಎಷ್ಟು ವರ್ಷದಿಂದ ಇದ್ದೀಯಪ್ಪ ಇಲ್ಲಿ?"

"ಹುಟ್ಟಿದಾಗಿಂದ್ರಿ."

"ಮನೆ ಯಾರದು?"

ಕೊಟ್ಟಿಗೆಯ ಗೋಡೆಯ ಹಿಂದೆ ಖುರ್ಷಿದಬೇಗಂ, ಬಸುರಿ, ಕಿವಿಗೊಟ್ಟು ನಿಂತಿದ್ದಳು. ಹುಲೆಪ್ಪ ದೂರದಿಂದ ಕಣ್ಣಲ್ಲೇ ಹೇಳಿಕೊಟ್ಟ. ಅಧಿಕಾರಿ ಕೂಡ ಕೇಳಿದ್ದನ್ನೇ ಮತ್ತೊಮ್ಮೆ ನಿಧಾನವಾಗಿ ಕೇಳಿದ. ಉತ್ತರ ಎದುರಿಗೇ ಇಟ್ಟು ಕೇಳುವ ಮಾಸ್ತರರ ಹಾಗೆ.

"ಹುಜೂರರದ್ರಿ," ಎಂದ ಮಲಂಗಸಾಬ ಎದೆ ಸೆಟೆಸಿ. "ನಾ ಕಾಯಾಂವ. ಅವರ ಉಪ್ಪು ತಿಂದೇನಿ."

*

ಗರಗಸ ಬರಲಿಲ್ಲ. ಮಸೀದಿಯಿಂದ ಎರಡು ಸಲ ಹೇಳಿಕಳಿಸಿದರು. ಇನ್ನು ತಡೆಯುವ ಹಾಗಿರಲಿಲ್ಲ. ಯಾಸೀನ ಹೋಗಿ ಒಬ್ಬನೇ ಪಲಂಗಕ್ಕೆ ಭುಜ ಕೊಟ್ಟು ನೂಕಿದ. ಭುಜದ ಅಂಗಿ ಹರಿಯಿತು. ಹುಲೆಪ್ಪ ಬಂದು ಅವನ ಕೈ ಹಿಡಿದ.

"ಸಾಕು ಬಾ. ಮಣ್ಣಿನ ಹೊತ್ತು ಮೀರಬಾರದು."

ಖುರ್ಷಿದಬೇಗಂ ಹಿಂದಿನ ಬಾಗಿಲಿನ ಅಗುಳಿ ತಾನೇ ಸರಿಸಿ ನಿಂತಳು.

ಆ ಬಾಗಿಲಲ್ಲಿ ಜನಾಜಾ ಹೆಗಲ ಮೇಲಿಟ್ಟು ದಾಟುವಂತಿಲ್ಲ. ಯಾಸೀನ ಸೇರಿ ಹೊರುವ ನಾಲ್ವರೂ ಅದನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಮಂಡಿ ಮಡಚಿ, ಬಗ್ಗಿ ಬಗ್ಗಿ ದಾಟಿಸಿದರು. ಸತ್ತ ಮೇಲೂ ಮಲಂಗಸಾಬ ದಿನದಂತೆಯೇ ಹೊರಗೆ ಬಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಯಾಸೀನನಿಗೆ ಆದದ್ದು ಅದೇ. ತಾನು ಮುರಿದ ಚಿಲಕ ಯಾರಿಗಾಗಿ ಮುರಿದದ್ದು ಎಂದು ಅವನಿಗೆ ಈಗ ತಿಳಿಯಿತು.

ಬಂಡಿದಾರಿಯ ಎರಡೂ ಕಡೆ ತೊಗರಿ ಎದೆಮಟ್ಟ ನಿಂತಿತ್ತು. ಯಾಸೀನ ಮುಂದಿನ ಬಲಗಡೆಯ ಹೆಗಲು ಕೊಟ್ಟಿದ್ದ. ಹುಲೆಪ್ಪ ಕೋಲೂರಿಕೊಂಡು ಪಕ್ಕದಲ್ಲಿ ನಡೆದಿದ್ದ. ಹಳ್ಳದ ತಿರುವು ಇನ್ನೂ ಬಂದಿರಲಿಲ್ಲ, ಹಿಂದಿನಿಂದ ಲಾರಿಯ ಸದ್ದು ಕೇಳಿಸಿತು. ಇವರು ಹೊರಟ ಮೇಲೆ ಗರಗಸ ಬಂದಿತ್ತು. ಪಲಂಗದ ಒಂದು ಕಾಲು ಕೊಯ್ದದ್ದೇ ತಡ, ಅದು ಸರಾಗ ಹೊರಬಿದ್ದಿತ್ತು.

ಲಾರಿಯ ಡ್ರೈವರ್ ತಿಳಿವಳಿಕೆಯವನು. ಜನಾಜಾ ಕಂಡದ್ದೇ ದೂರದಲ್ಲೇ ಇಂಜಿನ್ ಬಂದ್ ಮಾಡಿದ. ಹಾರನ್ ಬಾರಿಸಲಿಲ್ಲ. ಕೆಳಗಿಳಿದು ತಲೆಗೆ ಟವೆಲು ಹಾಕಿ ಕೈಕಟ್ಟಿ ನಿಂತ. ದಾರಿ ಅಗಲವಾಗುವ ಹಳ್ಳದವರೆಗೆ ಇವರ ಹಿಂದೆ ನಿಧಾನವಾಗಿ ಬರಲು ಅವನು ಸಿದ್ಧನಿದ್ದ.

ಯಾಸೀನ ಹಿಂತಿರುಗಿ ಒಂದೇ ಒಂದು ಸಲ ನೋಡಿದ. ಆಮೇಲೆ ಅವನ ಬಲಗಾಲು ದಾರಿ ಬಿಟ್ಟು ತೊಗರಿಯೊಳಗೆ ಇಳಿಯಿತು. ಅದರ ಹಿಂದೆ ಎಡಗಾಲು. ಜನಾಜಾ ಆ ಕಡೆ ವಾಲಿದ್ದರಿಂದ ಉಳಿದ ಮೂವರೂ ಇಳಿಯಲೇಬೇಕಾಯಿತು.

"ಏ ಯಾಸೀನ, ಎಲ್ಲಿಗಿ ಹೊಂಟಿ?" ಎಂದ ಹುಲೆಪ್ಪ. "ಅಂವ ನಿಂತಾನಲ್ಲೋ."

ಯಾಸೀನನಿಗೆ ಕೇಳಿಸಿತು. ತನ್ನ ಕಾಲು ಮಣ್ಣಿನಲ್ಲಿರುವುದೂ ಕಂಡಿತು. ಕುತ್ತಿಗೆಯ ಮೇಲೆ ಯಾರೋ ಕೈಯಿಟ್ಟ ಹಾಗೆ ತಲೆ ಬಗ್ಗಿತ್ತು. ಎತ್ತಲು ನೋಡಿದ, ಆಗಲಿಲ್ಲ.

ದಾರಿ ಬಿಟ್ಟುಕೊಟ್ಟರೆಂದು ಡ್ರೈವರ್ ಸುಮ್ಮನೆ ಲಾರಿ ಹತ್ತಿದ. ಅದು ಮೆಲ್ಲಗೆ ಪಕ್ಕದಿಂದ ಹಾದುಹೋಯಿತು. ಮೇಲೆ ಹುಜೂರರ ಪಲಂಗ ಅಂಗಾತ ಬಿದ್ದು ಮೂರು ಕಾಲು ಆಕಾಶಕ್ಕೆ ಮಾಡಿತ್ತು. ಖುರ್ಷಿದಬೇಗಂ ಗುರುವಾರ ಒಗೆದ ಬಿಳಿ ಚಾದರವನ್ನು ಅದರಲ್ಲೊಂದು ಕಾಲಿಗೆ ಬಿಗಿದು ಕಟ್ಟಿದ್ದರು. ಹುಲೆಪ್ಪನೊಬ್ಬ ದಾರಿಯ ಮೇಲೆ ಉಳಿದಿದ್ದ. ಧೂಳು ಅಡಗುವ ತನಕ ನಾಲ್ವರೂ ತೊಗರಿಯಲ್ಲಿ ತಲೆ ತಗ್ಗಿಸಿ ನಿಂತೇ ಇದ್ದರು, ಹೆಗಲ ಮೇಲೆ ಮಲಂಗಸಾಬ.