ದೊಡ್ಡ ಮದುವೆ ಮಾಡದವನ ಮಾತು

ಐವತ್ತೆಂಟು ವರ್ಷದ ಇಬೂರೋಯಿ ಊರಿನ ಕಣ್ಣಿಗೆ ಇನ್ನೂ ಹುಡುಗ. ತಲೆ ನೆರೆತಿತ್ತು, ಮೂವರು ಮೊಮ್ಮಕ್ಕಳಿದ್ದರು, ಹಾಂವೂನಿ ಊರಿನ ಅರ್ಧಕ್ಕರ್ಧ ಮನೆಗಳ ಮಳೆನೀರಿನ ತೊಟ್ಟಿ ಕಟ್ಟಿದ್ದು ಅವನ ಕೈಯೇ. ಆದರೆ ದೊಡ್ಡ ಮದುವೆ ಮಾಡಿರಲಿಲ್ಲ. ಮೂವತ್ತು ವರ್ಷದ ಹಿಂದೆ ಮೊಯ್ನೇಶಾಳನ್ನು ನಾಲ್ಕು ಜನರ ಮುಂದೆ ಕಟ್ಟಿಕೊಂಡದ್ದೂ ಮದುವೆಯೇ. ಆದರೆ ಎತ್ತು ಕಡಿದು, ಹೆಂಡತಿಯ ಮೈತುಂಬ ಬಂಗಾರ ಹೇರಿ, ಊರೂರಿಗೆ ಉಣ್ಣಿಸುವ ತನಕ ಗಂಡಸಿಗೆ ಹಿರಿಯರು ಸೇರುವ ಊರ ಚೌಕದಲ್ಲಿ ಬಾಯಿಲ್ಲ. ಅವನು ಕೂರುತ್ತಿದ್ದುದು ಕೊನೆಯ ಮೆಟ್ಟಿಲಲ್ಲಿ, ಮೀಸೆ ಮೂಡದವರ ಜೊತೆ.

ಒಂದು ಶುಕ್ರವಾರ ನಮಾಜಿನ ನಂತರ ಹಿರಿಯರು ಚೌಕದಲ್ಲಿ ಕೂತು, ಊರಿಗೆಲ್ಲ ಒಂದು ದೊಡ್ಡ ಮಳೆನೀರಿನ ತೊಟ್ಟಿ ಕಟ್ಟಲು ಜಾಗ ಗೊತ್ತುಮಾಡಿದರು. ಬೆಂಕಿಯುಗುಳುವ ಕರ್ತಾಲ ಬೆಟ್ಟದ ಬುಡದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಬಿದ್ದ ಮಳೆಯನ್ನೆಲ್ಲ ಕರಿಗಲ್ಲು ಕುಡಿದುಬಿಡುತ್ತದೆ. ಕಡಲಾಚೆ ಮಾರ್ಸೇ ಪಟ್ಟಣದಲ್ಲಿ ದುಡಿಯುವ ಊರವರು ಹಣ ಕಳಿಸಿದ್ದರು. ತೊಟ್ಟಿ ಹೊಸ ಮಸೀದಿಯ ಹಿಂದೆಯೇ ಬರಬೇಕು, ಎರಡೂ ಒಂದೇ ಫೋಟೋದಲ್ಲಿ ಕಾಣಬೇಕು ಎಂಬುದು ಅವರ ಆಸೆ.

ಇಬೂರೋಯಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. "ಅಲ್ಲಿ ಬೇಡ. ಕೆಳಗೆಲ್ಲ ಟೊಳ್ಳು. ಕಾಲಿಂದ ಗುದ್ದಿ ನೋಡಿ, ಡೋಲಿನ ಥರ ಸದ್ದು ಬರುತ್ತೆ. ನೀರಿನ ಭಾರಕ್ಕೆ ಕುಸಿಯುತ್ತೆ."

ಮುಂದಿನ ಸಾಲಿನಲ್ಲಿ ಜರಿಯ ನಿಲುವಂಗಿ ತೊಟ್ಟು ಕೂತಿದ್ದ ಜುಮೋಯಿ ತಿರುಗಿ ನೋಡಿದ. ಇಬೂರೋಯಿಯ ತಂಗಿಯ ಮಗ. ತಂಗಿ ತೀರಿಕೊಂಡ ಮೇಲೆ ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವನು ಇಬೂರೋಯಿಯೇ. ಜುಮೋಯಿ ಹನ್ನೊಂದು ವರ್ಷ ಮಾರ್ಸೇಯಲ್ಲಿದ್ದು, ಹೋದ ಆಗಸ್ಟ್‌ನಲ್ಲಿ ಬಂದು ದೊಡ್ಡ ಮದುವೆ ಮಾಡಿ ಪೂರ್ತಿ ಗಂಡಸಾಗಿದ್ದ.

"ಕೂತ್ಕೋ ಮಾವ," ಎಂದ ಜುಮೋಯಿ. "ದೊಡ್ಡವರು ಮಾತಾಡುವಾಗ ಮಕ್ಕಳು ಬಾಯಿ ಹಾಕಬಾರದು."

ಕೊನೆಯ ಮೆಟ್ಟಿಲ ಹುಡುಗರೂ ನಕ್ಕರು. ಹಿರಿಯ ಬಕಾರಿ ಕೋಲು ಕುಟ್ಟಿ ಇಬೂರೋಯಿಗೆ ಒಂದು ಮೇಕೆ ದಂಡ ಹಾಕಿದ.

ಮನೆಗೆ ಬಂದರೆ ಮೊಯ್ನೇಶಾ ಮೇಕೆಯ ಹಗ್ಗ ಆಗಲೇ ಬಿಚ್ಚಿ ಹಿಡಿದು ನಿಂತಿದ್ದಳು. ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು.

"ತಗೋ, ಕೊಟ್ಟು ಬಾ. ಮೂವತ್ತು ವರ್ಷದಿಂದ ಕಂಡವರ ಮದುವೇಲಿ ಹಿತ್ತಲ ಬಾಗಿಲಲ್ಲಿ ಕೂತು ಈರುಳ್ಳಿ ಹೆಚ್ಚಿದೀನಿ. ಇನ್ನು ಇದೊಂದು ಬಾಕಿ ಇತ್ತು."

"ನಾನು ಹೇಳಿದ್ದು ನಿಜ ಕಣೇ."

"ನಿಜ ಹೇಳೋಕೂ ಯೋಗ್ಯತೆ ಬೇಕು."

ಮಸೀದಿಯ ಹಿಂದೆಯೇ ತೊಟ್ಟಿ ಕಟ್ಟಿದರು. ಊರಿನ 'ಮಕ್ಕಳು' ಕಲ್ಲು ಹೊರಬೇಕೆಂಬುದು ಕಟ್ಟಳೆ, ಇಬೂರೋಯಿಯೂ ಹೊತ್ತ. ಡಿಸೆಂಬರಿನಲ್ಲಿ ವಾಯವ್ಯದ ಗಾಳಿ ಎದ್ದು ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ತೊಟ್ಟಿ ತುಂಬಿತು, ಫೋಟೋ ಮಾರ್ಸೇಗೆ ಹೋಯಿತು. ಐದನೆಯ ದಿನ ನಡುಮಧ್ಯಾಹ್ನ ನೆಲ ಗುಡುಗಿತು. ತೊಟ್ಟಿಯ ತಳ ಒಡೆದು, ನೀರೆಲ್ಲ ಕಲ್ಲಿನ ಪೊಟರೆಯೊಳಗೆ ನುಗ್ಗಿ, ಇಳಿಜಾರಿನ ಕೆಳಗೆ ಎಶಾಟಾಳ ಅಡುಗೆಮನೆಯ ಗೋಡೆ ಸೀಳಿಕೊಂಡು ಹೊರಬಿತ್ತು. ಎಶಾಟಾ ಮೊಯ್ನೇಶಾಳ ತಂಗಿ. ಮರಗೆಣಸಿನ ಸೊಪ್ಪಿಗೆ ತೆಂಗಿನ ಹಾಲು ಹಿಂಡುತ್ತಾ ಕೂತಿದ್ದಳಂತೆ. ಕಲ್ಲು ಸರಿಸಿ ಅವಳನ್ನು ಹೊರಗೆ ಎಳೆದವನು ಇಬೂರೋಯಿ. ಉಸಿರಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚೌಕದಲ್ಲಿ ಮಾತು ನಡೆಯಿತು. ತಪ್ಪು ಯಾರದೆಂದು ಹಿರಿಯರು ಬಹಳ ಹೊತ್ತು ತಡಕಾಡಿದರು. ಕೊನೆಗೆ ಬಕಾರಿ ಗಡ್ಡ ನೀವಿಕೊಂಡು ಹೇಳಿದ: "ಕಟ್ಟೋ ಮುಂಚೇನೇ ಒಬ್ಬ ಅಪಶಕುನ ನುಡಿದ. ಕೆಟ್ಟ ನಾಲಿಗೆ ಕಲ್ಲನ್ನೂ ಸೀಳುತ್ತೆ."

ಜುಮೋಯಿ ತಲೆ ತಗ್ಗಿಸಿ ಕೂತಿದ್ದ. ಅಲ್ಲ ಅನ್ನಲಿಲ್ಲ.

ಸಂಜೆಯೊಳಗೆ ಇಬೂರೋಯಿಯ ಟ್ರಂಕು ಹೊಸಿಲಾಚೆ ಬಂದಿತ್ತು. ಮನೆ ಹೆಂಡತಿಯದು, ಅವಳ ತಾಯಿಯಿಂದ ಬಂದದ್ದು. ಗಂಡಸಿನ ಆಸ್ತಿ ಅಲ್ಲಿ ಒಂದು ಟ್ರಂಕು ಅಷ್ಟೆ. "ನನ್ನ ತಂಗೀನ ತಿಂದ್ಯಲ್ಲೋ," ಎಂದಳು ಮೊಯ್ನೇಶಾ. ಅವನು ಟ್ರಂಕು ಹೆಗಲಿಗೇರಿಸಿಕೊಂಡು, ಹಿಂದೆ ಇಲಾಂಗ್ ಹೂವಿನ ಸುಗಂಧದೆಣ್ಣೆ ಬಟ್ಟಿ ಇಳಿಸುತ್ತಿದ್ದ ಪಾಳು ಕೊಟ್ಟಿಗೆಯಲ್ಲಿ ಹೋಗಿ ಬಿದ್ದುಕೊಂಡ. ದಾರಿಯಲ್ಲಿ ಸಿಕ್ಕವರು ಸಲಾಮು ಹೇಳುವುದನ್ನು ಬಿಟ್ಟರು.

ಮೇ ತಿಂಗಳಿಗೆ ಮಳೆ ನಿಂತಿತು. ಹೆಂಗಸರು ಲಾರಿಯ ನೀರಿಗೆ ಡ್ರಮ್ಮು ಉರುಳಿಸಿಕೊಂಡು ರಸ್ತೆಗೆ ಹೋಗುವಂತಾಯಿತು. ಒಂದು ಬೆಳಿಗ್ಗೆ ಜುಮೋಯಿ ಅತ್ತಿತ್ತ ನೋಡುತ್ತಾ ಕೊಟ್ಟಿಗೆಗೆ ಬಂದ.

"ಮಾವ, ಮತ್ತೆ ಹಣ ಬಂದಿದೆ. ಗಟ್ಟಿ ನೆಲ ಎಲ್ಲಿದೆ ಹೇಳು."

"ಕೆಟ್ಟ ನಾಲಿಗೆಯವನ ಹತ್ರ ಕೇಳ್ತೀಯಾ?"

"ಅದನ್ನ ಮನಸ್ಸಲ್ಲಿ ಇಟ್ಕೋಬೇಡ. ಜನ ನೀರಿಗೆ ಸಾಯ್ತಿದಾರೆ."

ಇಬೂರೋಯಿ ಎದ್ದು, ಲವಂಗದ ತೋಟದ ಅಂಚಿಗೆ ಕರೆದೊಯ್ದು ಹಾರೆಯಿಂದ ಮೂರು ಕಡೆ ಕುಟ್ಟಿದ. ಸದ್ದು ಮಂದವಾಗಿ, ತುಂಬಿಕೊಂಡು ಬಂತು. "ಇಲ್ಲಿ. ಆದರೆ ಯಾರು ತೋರಿಸಿದ್ದು ಅಂತ ಚೌಕದಲ್ಲಿ ಹೇಳು. ಅಷ್ಟೇ ನಾನು ಕೇಳೋದು."

"ಅಲ್ಲಾನಾಣೆ ಮಾವ."

ಶುಕ್ರವಾರ ಜುಮೋಯಿ ಎದ್ದು ನಿಂತು, ಮಾರ್ಸೇಯ ಇಂಜಿನಿಯರೊಬ್ಬರಿಗೆ ಊರಿನ ನಕ್ಷೆ ಕಳಿಸಿ ಕೇಳಿದೆ, ಲವಂಗದ ತೋಟದ ಅಂಚೇ ಸರಿಯಂತೆ, ಎಂದ. ಹಿರಿಯರು ಭೇಷ್ ಎಂದರು. ಕೊನೆಯ ಮೆಟ್ಟಿಲಲ್ಲಿ ಇಬೂರೋಯಿ ಅಳಿಯನ ಮುಖವನ್ನೇ ನೋಡುತ್ತಿದ್ದ. ಜುಮೋಯಿ ಒಮ್ಮೆಯೂ ಆ ಕಡೆ ತಿರುಗಲಿಲ್ಲ.

ಆದರೂ ಹೊಸ ತೊಟ್ಟಿಯ ಒಳಗೋಡೆಗೆ ಗಾರೆ ಬಳಿದವನು ಇಬೂರೋಯಿಯೇ. ಬೇರೆಯವರು ಮಾಡಿದರೆ ಸೋರುತ್ತದೆಂದು ಅವನಿಗೆ ಗೊತ್ತಿತ್ತು. ಕುಡಿಯುವವರಲ್ಲಿ ಅವನ ಮೊಮ್ಮಕ್ಕಳೂ ಇದ್ದರು.

ಮುಂದಿನ ಮಳೆಗಾಲಕ್ಕೆ ತೊಟ್ಟಿ ತುಂಬಿ ನಿಂತಿತು. ಒಂದು ದಿನ ಅವನು ಅಂಚಿನ ಪಾಚಿ ಕೆರೆಯುತ್ತಿದ್ದಾಗ ಮೊಯ್ನೇಶಾ ಕೊಡ ಹಿಡಿದು ಬಂದಳು. ವರ್ಷದ ಮೇಲೆ ಮೊದಲ ಸಲ ಮಾತಾಡಿದಳು.

"ನಿನ್ನ ಅಳಿಯನಿಗಿರೋ ಬುದ್ಧಿ ನಿನಗಿದ್ದಿದ್ರೆ ನನ್ನ ತಂಗಿ ಬದುಕಿರ್ತಿದ್ಲು."

ಇಬೂರೋಯಿ ಪಾಚಿ ಕೆರೆಯುವುದನ್ನು ನಿಲ್ಲಿಸಿದ. ಅವಳ ಕೈಯಿಂದ ಕೊಡ ತೆಗೆದುಕೊಂಡು ತುಂಬಿ, ಅವಳ ತಲೆಯ ಸಿಂಬೆಯ ಮೇಲಿಟ್ಟ.

"ಭಾರ ಇದೆ," ಎಂದ. "ಮೆಲ್ಲಗೆ ಹೋಗು."