ಎಣ್ಣೆ ಕುಡಿದ ಪುಸ್ತಕ

ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಅವರ ಮಾತು ಅತ್ತಿಗೆಯ ಮೂಲಕವೇ ಓಡಾಡುತ್ತಿತ್ತು. ಬಿಸಿನೀರು ಕಾದಿದೆ ಎಂದು ಅಣ್ಣ ಹಜಾರದ ಈ ಮೂಲೆಯಿಂದ ಹೇಳಿದರೆ, ಆ ಮೂಲೆಯಲ್ಲಿ ಕೂತ ತಮ್ಮ, ಅತ್ತಿಗೆ ಅಡುಗೆಮನೆಯಿಂದ ಬಂದು ಅದನ್ನು ಮತ್ತೊಮ್ಮೆ ಹೇಳುವವರೆಗೂ ಏಳುತ್ತಿರಲಿಲ್ಲ. "ನಾನೇನು ನಿಮ್ಮಿಬ್ಬರ ನಡುವಿನ ತಂತಿ ಕಂಬವಾ?" ಎಂದು ಅವಳು ಗೊಣಗುತ್ತಿದ್ದಳು. ಗೊಣಗಿದ ಮೇಲೆ ಹೇಳುತ್ತಲೂ ಇದ್ದಳು.

ಇದಕ್ಕೆಲ್ಲ ಕಾರಣ ಹಿತ್ತಲ ತಗಡಿನ ಮಾಡಿನ ಕೆಳಗೆ ನಿಂತ ಅಣ್ಣನ ಹಳೆಯ ಮೋಟಾರ್ ಸೈಕಲ್ಲು. ಅಣ್ಣ ಬಸ್ ಡ್ರೈವರ್. ದಿನವಿಡೀ ಊರಿನವರನ್ನೆಲ್ಲ ಹೊತ್ತು ತಿರುಗುವವನಿಗೆ ಒಬ್ಬನೇ ಹೋಗಿಬರಲು ಇದ್ದದ್ದು ಅದೊಂದೇ ಗಾಡಿ. ಅದು ಹೊಗೆ ಉಗುಳತೊಡಗಿದಾಗ, ಪುಸ್ತಕ ನೋಡಿಕೊಂಡು ತಾನೇ ಸರಿಮಾಡುವೆನೆಂದು ಮುಂದೆ ಬಂದವನು ತಮ್ಮ.

ತಮ್ಮನ ಕಸುಬು ಪುಸ್ತಕ ಬೈಂಡಿಂಗ್. ಆದ್ದರಿಂದ ರಿಪೇರಿ ಪುಸ್ತಕವನ್ನೂ ಅವನು ಬೈಂಡರನ ಕಣ್ಣಿನಿಂದಲೇ ಆರಿಸಿದ್ದ. ದಾರದಲ್ಲಿ ಹೊಲಿದ, ಬೆನ್ನು ನೆಟ್ಟಗಿದ್ದ, ಒಂದು ಕರೆಯೂ ಇಲ್ಲದ ಪುಸ್ತಕ. ಗಾಡಿಯ ಚಾಸಿಯ, ಎಂದರೆ ಚೌಕಟ್ಟಿನ, ವರ್ಷಕ್ಕೂ ಪುಸ್ತಕದ ವರ್ಷಕ್ಕೂ ಸರಿಯಾಗಿ ಹೊಂದುತ್ತಿತ್ತು. ಅದರಲ್ಲಿದ್ದ ಬಿಗಿತದ ಅಳತೆಗೆ, ಅಷ್ಟು ಬಿಗಿಯಾದೊಡನೆ 'ಟಕ್' ಎನ್ನುವ ಸ್ಪ್ಯಾನರನ್ನು ಹೊಂದಿಸಿ ಎಂಜಿನ್ನಿನ ತಲೆಯ ಬೋಲ್ಟುಗಳನ್ನು ಬಿಗಿ ಮಾಡುತ್ತಿದ್ದಾಗ, ಒಂದು ಬೋಲ್ಟು ಬೆಣ್ಣೆಯೊಳಗೆ ಸಿಕ್ಕಿದಂತೆ ಸುಮ್ಮನೆ ಸುತ್ತತೊಡಗಿತು. ಬೋಲ್ಟು ಕಚ್ಚಿಕೊಳ್ಳುವ ಒಳಗಿನ ಸುರುಳಿ ಗೀರು, ಥ್ರೆಡ್, ಕಿತ್ತುಹೋಗಿತ್ತು. ಪಕ್ಕದಲ್ಲಿ ನಿಂತಿದ್ದ ಅಣ್ಣ ಏನೂ ಅನ್ನದೆ ಒಳಗೆ ಹೋದ. ಬೈದಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಬೈಯದೆ ಉಳಿದದ್ದು ಬೇಸಿಗೆಯಿಂದ ಚಳಿಗಾಲದವರೆಗೂ ಮನೆಯೊಳಗೆ ಸುಳಿದಾಡಿಕೊಂಡಿತ್ತು.

ತಮ್ಮ ಎಂಜಿನ್ನನ್ನು ಲೋಹ ಕೊರೆಯುವ ಲೇತಿನವನ ಬಳಿ ಹೊತ್ತೊಯ್ದ. ಆತ ಹೊಸ ಥ್ರೆಡ್ ಕೂರಿಸಿಕೊಟ್ಟ. ಇನ್ನೊಂದು ಸಲ ಹೀಗಾದರೆ ಅಲ್ಲಿ ಕೊರೆಯಲು ಲೋಹವೇ ಉಳಿದಿಲ್ಲ, ಗುಜರಿಗೆ ಹಾಕಿಬಿಡಿ ಎಂದೂ ಹೇಳಿ ಕಳಿಸಿದ. ಗುಜರಿಗೆ ಹೋಗುವುದು ಗಾಡಿಯೊಂದೇ ಅಲ್ಲ ಎಂಬುದು ತಮ್ಮನಿಗೆ ಗೊತ್ತಿತ್ತು.

ಮತ್ತೆ ಬಿಗಿಯುವ ಮೊದಲು ಇನ್ನೊಂದು ಪುಸ್ತಕವನ್ನೂ ನೋಡೋಣವೆಂದು ಅವನು ಹಳೆ ಪುಸ್ತಕದಂಗಡಿಗೆ ಹೋದ. ಅಲ್ಲಿನ ಹೆಂಗಸು ಅವನ ಹಳೆಯ ಗಿರಾಕಿ. ಬೆನ್ನು ಮುರಿದ ನಿಘಂಟುಗಳನ್ನು ಅವನ ಹತ್ತಿರವೇ ಕಟ್ಟಿಸುತ್ತಿದ್ದವಳು. ಅವನು ಕತೆಯನ್ನೆಲ್ಲ ಹೇಳಿದ ಮೇಲೆ, ಆ ಗಾಡಿಯ ಬೇರೆ ಬೇರೆ ವರ್ಷದ ಮೂರು ರಿಪೇರಿ ಪುಸ್ತಕ ತಂದು ಮುಂದಿಟ್ಟಳು. ಅವನ ಕೈ ತಾನಾಗಿಯೇ ರಟ್ಟು ಗಟ್ಟಿಯಿದ್ದುದರ ಕಡೆಗೆ ಹೋಯಿತು. ಅವಳು ನಕ್ಕಳು.

"ಅಡುಗೆಯವನ ಅಂಗಿ ಬೆಳ್ಳಗಿದ್ರೆ ಊಟ ಚೆನ್ನಾಗಿರತ್ತಾ? ಹೆಣ್ಣು ನೋಡೋಕೆ ಬಂದವರ ಹಾಗೆ ಮೈಬಣ್ಣ ನೋಡ್ತೀರಲ್ಲ. ನಿಮ್ಮ ಗಾಡಿಯೊಳಗೆ ಕಣ್ಣಾರೆ ಕಂಡದ್ದು ಏನಾದ್ರೂ ಇದ್ಯಾ? ಮೊದಲು ಅದು ಯಾವ ಪುಸ್ತಕದಲ್ಲಿದೆ ನೋಡಿ."

ಕಣ್ಣಾರೆ ಕಂಡದ್ದು ಒಂದಿತ್ತು. ಕ್ಲಚ್ ಬಿಚ್ಚಿ ತೊಳೆದಾಗ ಒಳಗೆ ಆರು ಪ್ಲೇಟುಗಳಿದ್ದವು. ಅವನ ಅಂದದ ಪುಸ್ತಕದಲ್ಲಿ ಐದೇ ಇದ್ದವು. ಯಾರೋ ಒಂದು ಹೆಚ್ಚಿಗೆ ತುರುಕಿದ್ದಾರೆ ಎಂದುಕೊಂಡು ಅವನು ಸುಮ್ಮನಾಗಿದ್ದ. ಅಚ್ಚಾದದ್ದು ತಪ್ಪಿರಬಹುದು ಎಂಬ ಯೋಚನೆ ಆಗ ಅವನಿಗೆ ಬಂದೇ ಇರಲಿಲ್ಲ.

ಮುಂದಿದ್ದ ಮೂರರಲ್ಲಿ ಎರಡು ಐದು ಎಂದವು. ಮೂರನೆಯದು, ರಟ್ಟು ಹಾರಿಹೋಗಿದ್ದ, ಪಿನ್ನು ತುಕ್ಕು ಹಿಡಿದಿದ್ದ, ಎಣ್ಣೆ ಕುಡಿದು ಹಾಳೆಗಳೆಲ್ಲ ಪಾರದರ್ಶಕವಾಗಿದ್ದ ಪುಸ್ತಕ, ಆರು ಎಂದಿತು. ಅದು ಗಾಡಿಗಿಂತ ಏಳೆಂಟು ವರ್ಷ ಈಚಿನದು. ತಲೆಯ ಬೋಲ್ಟಿಗೆ ಅದು ಹೇಳುವ ಬಿಗಿತ ಅವನು ಹಾಕಲು ಹೊರಟಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಅಂದರೆ ಚಾಸಿ ಹಳೆಯದು, ಎಂಜಿನ್ ಹೊಸದು. ಯಾರೋ ಬದಲಾಯಿಸಿದ್ದಾರೆ. ಗಾಡಿ ಅಂಗಡಿಯಿಂದ ಬಂದ ದಿನದಿಂದ ಅಣ್ಣನ ಕೈಯಲ್ಲೇ ಇತ್ತು.

ಮನೆಗೆ ನಡೆದು ಬರುವಾಗ ತಮ್ಮನ ಎದೆಯಲ್ಲಿ ಮಾತು ಸಾಲುಗಟ್ಟಿ ನಿಂತಿತ್ತು. ಇಷ್ಟು ದಿನ ಮುಖ ತಿರುಗಿಸಿಕೊಂಡಿದ್ದೆಯಲ್ಲ, ತಪ್ಪು ಯಾರದು ಈಗ ಹೇಳು ಎನ್ನಬಹುದಿತ್ತು. ಹಿತ್ತಲಿಗೆ ಬಂದು, ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊಂಡುತಂದ ಎಣ್ಣೆ ಪುಸ್ತಕ ತೆರೆದ ಮೇಲೆ ಆ ಸಾಲು ಒಂದೊಂದಾಗಿ ಕರಗಿತು. ಊಹೆ ಸುಳ್ಳಾಗಿದ್ದರೆ ಬೋಲ್ಟು ಸಡಿಲ ಉಳಿದು ಎಂಜಿನ್ ಹಾಳಾಗುತ್ತದೆ. ಗೆಲ್ಲುವುದಕ್ಕಿಂತ ಕೇಳುವುದು ಮುಖ್ಯವಾಗಿತ್ತು.

ಬಾಗಿಲಲ್ಲಿ ಅತ್ತಿಗೆ ಕಾಣಿಸಿದಳು.

"ಅತ್ತಿಗೆ, ಅಣ್ಣನ್ನ ಒಂದು ಮಾತು ಕೇಳಿ. ಕ್ಲಚ್ಚಲ್ಲಿ ಆರು ಪ್ಲೇಟಿದೆ. ಎಂಜಿನ್ ಬದಲಾಯಿಸಿದ್ನಾ ಅಂತ. ಅಷ್ಟೇ ಕೇಳಿ, ಬೇರೇನೂ ಬೇಡ."

ಅವಳು ಒಳಗೆ ಹೋದಳು. ಅವಳ ದನಿ ಕೇಳಿಸಿತು. ತಮ್ಮ ಬೋಲ್ಟೊಂದನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಬಂದದ್ದು ಅತ್ತಿಗೆಯಲ್ಲ. ಅಣ್ಣ ಚಪ್ಪಲಿಯಿಲ್ಲದೆ ಬಂದು ಮಾಡಿನ ಕಂಬ ಹಿಡಿದು ನಿಂತ. ಎಣ್ಣೆ ಪುಸ್ತಕವನ್ನು ನೋಡಿದ, ಎಂಜಿನ್ನನ್ನು ನೋಡಿದ, ತಮ್ಮನನ್ನು ನೋಡಲಿಲ್ಲ.

"ಬದಲಾಯಿಸಿದ್ದೆ. ಮೊದಲನೆಯದು ಎಣ್ಣೆಯಿಲ್ಲದೆ ಓಡಿಸಿ ಸುಟ್ಟಿದ್ದೆ," ಎಂದ. "ಡ್ರೈವರ್ ಆಗಿ ಎಣ್ಣೆ ನೋಡ್ಲಿಲ್ಲ ಅಂತ ಹೇಗೆ ಹೇಳ್ಕೊಳ್ಳೋದು? ಯಾರಿಗೂ ಹೇಳಿರ್ಲಿಲ್ಲ. ಅವತ್ತು ನೀನು ಬಿಗಿ ಮಾಡ್ವಾಗಲೂ ಬಾಯಿಗೆ ಬಂದಿತ್ತು."

ಅವತ್ತು ಅಣ್ಣ ಒಳಗೆ ಹೋದದ್ದು ಸಿಟ್ಟಿನಿಂದಲ್ಲ. ಇಷ್ಟು ದಿನ ಇಬ್ಬರೂ ಒಂದೇ ಭಾರವನ್ನು ಬೇರೆ ಬೇರೆಯಾಗಿ ಹೊತ್ತಿದ್ದರು.

"ನಾನೂ ಕೇಳಿರ್ಲಿಲ್ಲ," ಎಂದ ತಮ್ಮ.

ಅಣ್ಣ ಎದುರಿಗೆ ಕೂತು ಎಂಜಿನ್ನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ. ತಮ್ಮ ಬಿಗಿತದ ಅಳತೆಯನ್ನು ಓದಿ, ಸ್ಪ್ಯಾನರನ್ನು ಅದಕ್ಕೆ ಹೊಂದಿಸಿ, ಮೊದಲ ಬೋಲ್ಟಿಗೆ ಇಟ್ಟ. ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ.

ಊಟಕ್ಕೆ ಕರೆಯಲು ಬಂದ ಅತ್ತಿಗೆ ಯಾರಿಗೆ ಹೇಳುವುದೆಂದು ತಿಳಿಯದೆ ಹೊಸ್ತಿಲಲ್ಲೇ ನಿಂತು, ಹಾಗೇ ಹಿಂತಿರುಗಿದಳು.

"ಇನ್ನೊಂದ್ಸಲ ಓದೋ," ಎಂದ ಅಣ್ಣ. "ಜೋರಾಗಿ ಓದು, ನನಗೂ ಕೇಳ್ಲಿ."

ತಮ್ಮ ಓದಿದ. ಆಮೇಲೆ ತಿರುಗಿಸಿದ. ಬೋಲ್ಟು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಿ, ಸ್ಪ್ಯಾನರ್ 'ಟಕ್' ಎಂದದ್ದು ಇಬ್ಬರಿಗೂ ಕೇಳಿಸಿತು.